ಸಾಕ್ಷಿ ಏಳರ ಅಳು

ನನ್ನ ನಿವೃತ್ತಿಗೆ ಯಾರೂ ಶಾಲು ಹೊದಿಸಲಿಲ್ಲ. ಇವರ ಸೇವೆಯನ್ನು ಮರೆಯಲಾಗದು ಎಂದು ಭಾಷಣ ಮಾಡುವವರೂ ಇರಲಿಲ್ಲ. ಬೇಗ ಮರೆತರೆ ಸಾಕಪ್ಪ ಎನ್ನುವವರೇ ಇದ್ದರು. ಸರ್ಕಾರಿ ನೌಕರರು ಅರವತ್ತಕ್ಕೆ ನಿವೃತ್ತರಾಗುತ್ತಾರೆ, ನಾನು ಮೂವತ್ತೊಂದಕ್ಕೇ ಆದೆ. ಮಾನವ ಹಕ್ಕುಗಳ ದುಭಾಷಿಯಾಗಿ ಹತ್ತು ವರ್ಷ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಧೂಳು ಕುಡಿದೆ. ಈಗ ಆಳಂದದಲ್ಲಿ ಆಟೋ ಪ್ರಚಾರಕ್ಕೆ ದನಿ ಕೊಡುತ್ತಿದ್ದೇನೆ. ಸೀರೆ ಅಂಗಡಿಗೆ ಹೆಣ್ಣಿನ ದನಿ, ಗೊಬ್ಬರದ ಅಂಗಡಿಗೆ ಗೌಡರ ದನಿ, ಕೋಚಿಂಗ್ ಕ್ಲಾಸಿಗೆ ಹೆದರಿದ ತಂದೆಯ ದನಿ. ಎಲ್ಲವೂ ನಾನೇ.

ಕಳೆದ ತಿಂಗಳು ಇಬ್ಬರು ಹುಡುಗಿಯರು ನನ್ನನ್ನು ಹುಡುಕಿಕೊಂಡು ಬಂದರು. ನಮ್ಮ ಹಳೆಯ ಸಂಸ್ಥೆಗೇ ದುಭಾಷಿಗಳಾಗಿ ಸೇರಿದ್ದಾರಂತೆ. "ಸರ್, ಈ ಕೆಲಸ ಖರೇನೇ ಹ್ಯಾಂಗಿರ್ತದ ಹೇಳ್ರಿ" ಎಂದರು. ಅವರ ಕೊರಳಲ್ಲಿ ತೂಗುತ್ತಿದ್ದ ಹೊಸ ಗುರುತಿನ ಚೀಟಿ ನೋಡಿ ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. "ಛಲೋ ಇರ್ತದ" ಎಂದಷ್ಟೇ ಹೇಳಿ, ಚಹಾ ಕುಡಿಸಿ ಕಳಿಸಿಬಿಟ್ಟೆ. ಆಮೇಲೆ ಮನಸ್ಸು ಕೇಳಲಿಲ್ಲ. ಅಂದು ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಖಜೂರಿಯ ಸಿದ್ರಾಮ. ಗಡಿಯ ಊರು, ಮಾವನ ಚಹಾದಂಗಡಿಯ ಮುಂದೆ ಲಾರಿಗಳು ನಿಲ್ಲುತ್ತಿದ್ದವು. ಮರಾಠಿ ಡ್ರೈವರ್ ಬೈದದ್ದನ್ನು ಉರ್ದು ಕ್ಲೀನರ್‌ಗೆ, ಉರ್ದುವಿನವನು ತಿರುಗಿ ಬೈದದ್ದನ್ನು ಕನ್ನಡದ ಹಮಾಲನಿಗೆ ಮುಟ್ಟಿಸುವುದೇ ನನ್ನ ಆಟ. ಬೈದವನ ದನಿಯಲ್ಲೇ ಮುಟ್ಟಿಸುತ್ತಿದ್ದೆನಾದ್ದರಿಂದ ಏಟು ಬೀಳುತ್ತಿದ್ದದ್ದು ನನಗೆ. ಇಂಗ್ಲಿಷನ್ನು ಕಲಬುರಗಿಯ ಕಾಲೇಜಿನಲ್ಲಿ ಕಲಿತೆ, ಮೇಷ್ಟ್ರ ಮೂಗಿನ ಸಮೇತ.

ನಮ್ಮ ಸಂಸ್ಥೆಯ ಮುಖ್ಯಸ್ಥರು ಶರಣಪ್ಪ ಸರ್, ಹೈಸ್ಕೂಲಿನಿಂದ ನಿವೃತ್ತರಾದ ಮಾಸ್ತರರು. ಮೊದಲ ದಿನವೇ ಕೆಲಸ ವಿವರಿಸಿದರು. ಹೊರದೇಶದ ಸಂಶೋಧಕರು ಬರುತ್ತಾರೆ. ಬಹಿಷ್ಕಾರ, ಜಾತಿಯ ಅವಮಾನ ಇಂಥವುಗಳ ಬಗ್ಗೆ ಜನರ ಹೇಳಿಕೆ ಕೇಳುತ್ತಾರೆ. ನಾವು ಪಕ್ಕದಲ್ಲಿ ಕುಳಿತು ಇಂಗ್ಲಿಷಿಗೆ ತರಬೇಕು. ಆ ಹೇಳಿಕೆಗಳು ವರದಿಯಾಗಿ ಜಿನೀವಾಕ್ಕೆ ಹೋಗುತ್ತವೆ. ಅಲ್ಲಿ ಒಂದು ಸಮಿತಿಯ ಮುಂದೆ ಪ್ರತಿ ದೇಶವೂ ತಾನು ಸಹಿ ಹಾಕಿದ ಮಾತನ್ನು ಎಷ್ಟು ಉಳಿಸಿಕೊಂಡಿದ್ದೇನೆಂದು ಉತ್ತರ ಕೊಡಬೇಕು.

"ನೀ ನಳ ಇದ್ದಂಗ, ಸಿದ್ರಾಮ. ಆ ಕಡಿ ನೀರು ಈ ಕಡಿ ಬರಬೇಕು. ನಡುವ ಸಕ್ರಿ ಹಾಕಬ್ಯಾಡ" ಎಂದರು.

"ಉಪ್ಪು ಹಾಕಲೇನ್ರಿ ಸರ್?"

"ಬಾಯಿ ಮುಚ್ಚು. ನಳಕ್ಕ ಬಾಯಿ ಇರ್ತದ, ಮಾತು ಇರಂಗಿಲ್ಲ."

ಆ ಮಾತನ್ನು ಅವರ ದನಿಯಲ್ಲೇ ಆಫೀಸಿನ ತುಂಬ ಹೇಳಿಕೊಂಡು ತಿರುಗಿದೆ. ಪಾಲಿಸಲು ಮಾತ್ರ ಮರೆತೆ.

ಮೊದಲ ಎಡವಟ್ಟು ಜೇವರ್ಗಿ ತಾಲೂಕಿನಲ್ಲಿ, ಅಂದೋಲಾದ ಕಡೆಯ ಒಂದು ಊರಿನ ಕಟ್ಟೆಯ ಮೇಲೆ ಆಯಿತು. ಯುರೋಪಿನಿಂದ ಬಂದ ಮಾರ್ಥಾ ಮೇಡಂ ಉದ್ದ ಕಾಲುಗಳನ್ನು ಹೇಗೋ ಮಡಚಿ ಕುಳಿತು ಜನರಿಗೆ ಹಕ್ಕುಗಳ ಪಾಠ ಹೇಳುತ್ತಿದ್ದರು. ಈ ಹಕ್ಕುಗಳನ್ನು ರಾಜನಾಗಲಿ ಸರ್ಕಾರವಾಗಲಿ ಕೊಟ್ಟದ್ದಲ್ಲ, ಮನುಷ್ಯರಾಗಿ ಹುಟ್ಟಿದ್ದಕ್ಕೇ ಇವೆ ಎಂದರು. ಹಲ್ಲಿಲ್ಲದ ಒಬ್ಬ ಮುದುಕ ಕೈ ಎತ್ತಿದ.

"ಯಾರೂ ಕೊಟ್ಟಿಲ್ಲ ಅಂದ್ರ, ಕಸಗೊಂಡವ್ರು ಯಾರ ಕಡಿಂದ ಕಸಗೊಂಡ್ರು?"

ನಿಮ್ಮ ಕಡೆಯಿಂದಲೇ ಎಂದರು ಮೇಡಂ.

"ನನ್ನ ಹತ್ರ ಇತ್ತಂತ ನನಗ ಗೊತ್ತ ಇರಲಿಲ್ಲಲ್ಲವ್ವಾ. ಮೊದಲ ಹೇಳಿದ್ರ ಬಿಗಿ ಹಿಡಕೊಂತಿದ್ದೆ."

ನಾನು ಅದನ್ನು ಬೊಚ್ಚುಬಾಯಿಯ ದನಿಯ ಸಮೇತ ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮುದುಕ ನಗಲಿಲ್ಲ. ಆತ ನನ್ನ ಮುಖವನ್ನೂ ಆಕೆಯ ಮುಖವನ್ನೂ ನೋಡಿ, "ಯಾಕ ನಕ್ಕಳು?" ಎಂದು ಕೇಳಿದ. ನಾನು ಮುಂದೆ ಕೈ ಎತ್ತಿದವನ ಕಡೆ ತಿರುಗಿದೆ. ಸಂಜೆ ಬಸ್ಸಿನಲ್ಲಿ ನನ್ನ ಸಹೋದ್ಯೋಗಿ ಮೆಹರುನ್ ಹೇಳಿದಳು: "ಅಂವ ಪ್ರಶ್ನಿ ಕೇಳಿದ್ದ ಸಿದ್ರಾಮ. ನೀ ಚುಟುಕು ಮಾಡಿದಿ."

ನಾನು ಅದನ್ನೇ ಅವಳ ದನಿಯಲ್ಲಿ ತಿರುಗಿಸಿ ಹೇಳಿದೆ. ಕಂಡಕ್ಟರ್ ನಕ್ಕ. ಅವಳು ಕಿಟಕಿಯ ಕಡೆ ತಿರುಗಿದಳು.

ಮೆಹರುನ್ ಆಳಂದದವಳು, ದರ್ಜಿ ಮಹಬೂಬ್ ಚಾಚಾರ ಮಗಳು. ಅವಳದು ಬಸ್ ನಿಲ್ದಾಣದ ಮೈಕಿನಂಥ ಚಪ್ಪಟೆ ದನಿ. ಯಾರು ಅತ್ತರೂ, ಯಾರು ಬೈದರೂ ಅವಳ ಇಂಗ್ಲಿಷಿನಲ್ಲಿ ಎಲ್ಲರೂ ಒಂದೇ. ಅದಕ್ಕಿಂತ ನನ್ನನ್ನು ಕಾಡಿದ್ದು ಅವಳ ಒಂದು ಚಾಳಿ. ಹೇಳಿಕೆ ಮುಗಿದ ಮೇಲೆ ಬರೆದದ್ದನ್ನೆಲ್ಲ ಹೇಳಿದವರಿಗೇ ಓದಿ ಹೇಳಿ, "ಹಿಂಗ ಅಂದ್ರಿ, ಖರೇ ಆತೇನ್ರಿ?" ಎಂದು ಕೇಳುತ್ತಿದ್ದಳು. ಅವರು ತಿದ್ದುತ್ತಿದ್ದರು. ಅವಳು ಮತ್ತೆ ಓದುತ್ತಿದ್ದಳು. ನಾನು ದಿನಕ್ಕೆ ಹತ್ತು ಹೇಳಿಕೆ ಮುಗಿಸಿದರೆ ಅವಳು ಮೂರು. ಆದರೂ ವರದಿ ಬಂದಾಗ ನಾನು ಕುಳಿತು ಎಣಿಸುತ್ತಿದ್ದೆ: ಅವಳು ತಂದ ಮಾತುಗಳೇ ಹೆಚ್ಚು. ನರೋಣಾದಲ್ಲಿ ಒಂದೇ ಮನೆಯ ಹೆಂಗಸರು ನನಗೆ ನೀರು ಕೊಟ್ಟರು, ಅವಳಿಗೆ ಮಜ್ಜಿಗೆ ಕೊಟ್ಟರು. ಇಷ್ಟು ಸಣ್ಣ ಲೋಟವೂ ನನ್ನ ನೆನಪಿನಲ್ಲಿದೆ ಎಂದರೆ ನನ್ನ ಹೊಟ್ಟೆಯ ಗತಿ ನೀವೇ ಊಹಿಸಿ.

ಮೊದಲೆಲ್ಲ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆವು. ಆಮೇಲೆ ಅಕ್ಷರ ಸಾಲದು, ದನಿಯೂ ಬೇಕು ಎಂದು ಮಾರ್ಥಾ ಮೇಡಂ ಆಫೀಸಿನವರು ಕೇಳತೊಡಗಿದರು. ಜಿನೀವಾದ ಸಭೆಯಲ್ಲಿ ಸಾಕ್ಷಿಗಳ ದನಿಯನ್ನೇ ಕೇಳಿಸುತ್ತಾರಂತೆ. ದನಿಯ ಕಾಲ ಬಂತೆಂದರೆ ನನ್ನ ಕಾಲ ಬಂತು ಎಂದುಕೊಂಡೆ.

ಆಗ ಸಿಕ್ಕವಳು ಕಾಶೀಬಾಯಿ. ಅಫಜಲಪುರ ತಾಲೂಕಿನ ಒಂದು ಊರು. ಊರಿನ ಹೆಸರು ಹೇಳದಿರುವುದು ಈ ವೃತ್ತಿಯ ಮೊದಲ ಪಾಠ, ಅದೊಂದನ್ನಾದರೂ ನಾನು ಕಲಿತಿದ್ದೇನೆ. ಗ್ರಾಮಸಭೆಯಲ್ಲಿ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಇತ್ತು, ಆಕೆ ಹೋಗಿ ಕುಳಿತಳು. ಮರುದಿನದಿಂದ ಊರಿನ ಹಿಟ್ಟಿನ ಗಿರಣಿಯಲ್ಲಿ ಆಕೆಯ ಓಣಿಯವರ ಜೋಳ ಬೀಸುವುದು ನಿಂತಿತು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಇವರು ಡಬ್ಬಿ ಹೊತ್ತು ಹೋದರೆ ಗಿರಣಿಯವನು ಯಂತ್ರದ ಬೆಲ್ಟು ಕಳಚುತ್ತಿದ್ದ, ಅಷ್ಟೇ. ಎರಡು ವರ್ಷ ಆಕೆ ಜೋಳವನ್ನು ತಲೆಯ ಮೇಲೆ ಹೊತ್ತು ಮುಂದಿನ ಊರಿಗೆ ನಡೆದು ಬೀಸಿಸಿಕೊಂಡು ಬರುತ್ತಿದ್ದಳು. ಹೋಗುವ ಮೊದಲು ಪ್ರತಿ ಸಲ ಊರಿನ ಗಿರಣಿಯ ಮುಂದೆ ಡಬ್ಬಿ ಇಳಿಸಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು.

ವರದಿಗೆ ಸುಳ್ಳು ಹೆಸರು ಬೇಕು, ನಿಮಗೆ ಬೇಕಾದ ಹೆಸರು ಆರಿಸಿಕೊಳ್ಳಿ ಎಂದೆ.

"ಕಾಶೀಬಾಯಿ ಅಂತ ಬರಿ."

"ಯಾರ ಹೆಸರು ಅಕ್ಕಾ ಅದು?"

"ಗಿರಣಿಯವನ ಅವ್ವಂದು. ಆಕಿ ಹೆಸರಿನಾಗಾದ್ರೂ ಹಿಟ್ಟು ಬೀಸಿಸ್ಕೊಂತೇನಿ."

ಹೇಳಿಕೆಯನ್ನು ಮುಂದಿನ ಊರಿನ ಗಿರಣಿಯಲ್ಲಿ, ಆಕೆಯ ಪಾಳಿ ಬರುವ ತನಕ ಕುಳಿತು ಮೊಬೈಲಿನಲ್ಲಿ ಹಿಡಿದೆ. ತನ್ನ ಊರವರ ಕಣ್ಣಿಗೆ ಬೀಳದೆ ಆಕೆ ಮಾತಾಡಬಹುದಾದ ಜಾಗ ಅದೊಂದೇ. ಒಣ ದನಿಯಲ್ಲಿ, ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದಳು. ನಾನು ಬುದ್ಧಿವಂತ, ಅಲ್ಲೇ ಒಮ್ಮೆ ಹಾಕಿ ಕೇಳಲಿಲ್ಲ. ಆಳಂದಕ್ಕೆ ಬಂದು ಕೇಳಿದರೆ ಗಿರಣಿಯ ಗರಗರ ಬಿಟ್ಟು ಏನೂ ಇಲ್ಲ.

ಮರುದಿನ ಹೋಗಿ ಮತ್ತೆ ಹೇಳಿಸಿಕೊಂಡು ಬರಬಹುದಿತ್ತು. ಕೇಳಿದ್ದರೆ ಮಾರ್ಥಾ ಮೇಡಂ ಎರಡು ದಿನ ಕಾಯುತ್ತಿದ್ದರು. ಆದರೆ ಮೆಹರುನ್ ಆಗಲೇ ಮೂರು ದನಿಗಳನ್ನು ಕಳಿಸಿದ್ದಳು, ಮೂರೂ ಸ್ವಚ್ಛ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನು ಆಫೀಸಿನ ಹಿಂದಿನ ಕೋಣೆ ಸೇರಿ, ಕೌದಿ ಮುಸುಕು ಹಾಕಿಕೊಂಡು, ಕಾಶೀಬಾಯಿಯಾಗಿ ಮಾತಾಡಿದೆ. ಕೇಳಿದ್ದು ನನಗೆ ಮರೆಯುವುದಿಲ್ಲ. ಒಂದು ಶಬ್ದವೂ ಆಚೀಚೆ ಆಗಲಿಲ್ಲ. ಆಕೆ ಉಸಿರು ನಿಲ್ಲಿಸಿದಲ್ಲಿ ನಿಲ್ಲಿಸಿದೆ, ಕೆಮ್ಮಿದಲ್ಲಿ ಕೆಮ್ಮಿದೆ. ಕೊನೆಯಲ್ಲಿ, ಗಿರಣಿಯ ಮುಂದೆ ನಿಲ್ಲುವ ಮಾತು ಬಂದಾಗ, ಸಣ್ಣದೊಂದು ಅಳು ಹಾಕಿದೆ. ಅದನ್ನು ಹಾಕೆಂದು ಯಾರೂ ಕೇಳಿರಲಿಲ್ಲ. ಕಲಾವಿದನ ಕೈ ಸುಮ್ಮನಿರುವುದಿಲ್ಲ.

ಆ ದನಿಗೆ 'ಸಾಕ್ಷಿ ಏಳು' ಎಂದು ಹೆಸರಿಟ್ಟರು. ಆ ಕಡೆಯ ಆಫೀಸಿನವರೆಲ್ಲ ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದರಂತೆ. ಮುಂದಿನ ಸಭೆಗೆ ಸಾಕ್ಷಿ ಏಳೇ ಬರಲಿ, ಜೊತೆಗೆ ಒಬ್ಬ ದುಭಾಷಿ ಬರಲಿ ಎಂದು ಕಾಗದ ಬಂತು. ಶರಣಪ್ಪ ಸರ್ ಓದಿ ಮುಗಿಸುವ ಮೊದಲೇ ನಾನು ಮಹಬೂಬ್ ಚಾಚಾರ ಅಂಗಡಿಗೆ ಹೋಗಿ ಕೋಟಿಗೆ ಅಳತೆ ಕೊಟ್ಟೆ.

"ಲಗ್ನ ಏನೋ?" ಎಂದರು ಚಾಚಾ.

"ಜಿನೀವಾ ಚಾಚಾ."

"ಹುಡುಗಿ ಛಲೋ ಅದಾಳಲ್ಲಾ?"

ಅದೇ ವಾರ ತೀರ್ಮಾನವಾಯಿತು. ಹೆಣ್ಣುಮಗಳು ಅಷ್ಟು ದೂರ ಹೋಗುವಾಗ ಜೊತೆಗೆ ಹೆಣ್ಣೇ ಇರಲಿ ಎಂದು ಕಾಶೀಬಾಯಿ ಹೇಳಿದ್ದಳು. ಮೆಹರುನ್ ಹೋಗುವುದೆಂದಾಯಿತು. ಕೋಟು ಅಪ್ಪನ ಅಂಗಡಿಯಲ್ಲಿ, ಟಿಕೆಟ್ಟು ಮಗಳ ಕೈಯಲ್ಲಿ.

ಮೆಹರುನಳ ಮೇಲಿನ ಹೊಟ್ಟೆಕಿಚ್ಚು ಒಂದು ಹಂತದ ತನಕ ಮರ್ಯಾದಸ್ಥರದು. ಹೇಳಲು ನಾಚಿಕೆಯಾಗುವ ಹೊಟ್ಟೆಕಿಚ್ಚು ಬೇರೆಯೇ ಇತ್ತು. ನಾನು ಕಾಶೀಬಾಯಿಯನ್ನು ಕಂಡೂ ಕರುಬಿದೆ. ನನಗೆ ಇಂಗ್ಲಿಷ್ ಬರುತ್ತದೆ, ಒಪ್ಪಂದಗಳ ಕಲಮುಗಳು ಬಾಯಿಪಾಠ ಬರುತ್ತವೆ. ಆಕೆಯ ಬಳಿ ಇದ್ದದ್ದು ಅನ್ಯಾಯವೊಂದೇ. ಅದು ನನಗೆ ಯಾಕೆ ಆಗಲಿಲ್ಲ ಎಂದು ಒಂದು ದಿನ ಯೋಚಿಸಿದೆ. ಹೌದು, ಅಷ್ಟು ಕೆಳಗೆ ಇಳಿದೆ. ಈ ಕೆಲಸಕ್ಕೆ ಸೇರುವ ಹುಡುಗಿಯರೇ, ನೊಂದವರ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತವನಿಗೆ ಒಂದು ದಿನ ಅವರ ನೋವೂ ಪದವಿಯಂತೆ ಕಾಣುತ್ತದೆ. ಆಗ ಎರಡು ದಿನ ರಜೆ ಹಾಕಿ ಮನೆಯಲ್ಲಿರಿ.

ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಸಾಹೇಬರೊಬ್ಬರು ನನ್ನೆದುರೇ ಆಕೆಯನ್ನು ಕೇಳಿದರು: "ನಮ್ಮ ಮನಿ ಮಾತು ಮಂದಿ ದೇಶದಾಗ ಯಾಕ ಹೇಳ್ತಿ ಬಾಯಿ?"

ಅದು ಕೆಟ್ಟ ಪ್ರಶ್ನೆಯೇನಲ್ಲ. ದೊಡ್ಡ ದೊಡ್ಡ ದೇಶಗಳು ಜಿನೀವಾದಲ್ಲಿ ಸೂಟು ಹಾಕಿಕೊಂಡು ಹೇಳುವುದೂ ಇದನ್ನೇ. ನಾನು ಉತ್ತರಕ್ಕೆ ಗಂಟಲು ಸರಿ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಕಾಶೀಬಾಯಿ ಹೇಳಿದಳು: "ಮನಿ ಅಂತೀರಿ. ಮನಿ ಅಂದ್ರ ಒಳಗ ಕರೀಬೇಕಲ್ರಿ?"

ಹತ್ತು ವರ್ಷ ಬಾಯಿ ಬಡಿದುಕೊಂಡರೂ ನನ್ನಿಂದ ಅಂಥ ಒಂದು ಮಾತು ಹೊರಟಿರಲಿಲ್ಲ. ಅದಕ್ಕೂ ಕರುಬಿದೆ.

ಹೊರಡಲು ಮೂರು ವಾರವಿದ್ದಾಗ ಮೆಹರುನ್ ತನ್ನ ಚಾಳಿ ಬಿಡಲಿಲ್ಲ. ಅಲ್ಲಿ ಕೇಳಿಸುವ ದನಿಯನ್ನು ಆಕೆ ಮೊದಲು ಕೇಳಲಿ ಎಂದು ಕಾಶೀಬಾಯಿಯನ್ನು ಆಫೀಸಿಗೆ ಕರೆಸಿದಳು. ನಾನು ಬಾಗಿಲ ಬಳಿ ನಿಂತಿದ್ದೆ. ದನಿ ಶುರುವಾಯಿತು. ಕಾಶೀಬಾಯಿ ತಲೆ ಆಡಿಸುತ್ತ ಕೇಳಿದಳು. ಕೊನೆಯ ಅಳು ಬಂದಾಗ ತಲೆ ನಿಂತಿತು.

"ದನಿ ನಂದ ಅದ. ಅಳು ಯಾರ್ದು?" ಎಂದಳು.

ಮೆಹರುನ್ ಮತ್ತೊಮ್ಮೆ ಹಾಕಿದಳು.

"ನಾ ಅತ್ತಿಲ್ಲವ್ವಾ. ನಾ ಎಲ್ಲೂ ಅತ್ತಿಲ್ಲ."

ಮೆಹರುನ್ ನನ್ನ ಕಡೆ ತಿರುಗಿ, "ಆ ಕಡಿಯವ್ರು ಏನರ ಸೇರಿಸ್ಯಾರೇನು ಸಿದ್ರಾಮ?" ಎಂದು ಕೇಳಿದಳು. ಪಾರಾಗಲು ಬಾಗಿಲನ್ನು ಅವಳೇ ತೆರೆದುಕೊಟ್ಟಿದ್ದಳು. "ಇರಬಹುದು" ಎಂದೆ.

ಮನೆಗೆ ಹೋಗಿ ಮಾರ್ಥಾ ಮೇಡಂಗೆ ಪತ್ರ ಬರೆಯಲು ಕುಳಿತೆ. ಸಾಕ್ಷಿ ಏಳರ ದನಿಯ ಬಗ್ಗೆ ಅನುಮಾನವಿದೆ, ಪ್ರಯಾಣವನ್ನು ಮುಂದೂಡುವುದು ಒಳ್ಳೆಯದು. ಒಂದೂ ಸುಳ್ಳಿಲ್ಲ, ನನ್ನ ಹೆಸರೊಂದು ಇಲ್ಲ. ಬರೆದು ಓದಿದಾಗ ಬೆಚ್ಚಿದೆ. ಇದು ಸತ್ಯ ಹೇಳುವುದೋ, ಮೆಹರುನಳ ಟಿಕೆಟ್ಟು ಹರಿಯುವುದೋ? ಎರಡಕ್ಕೂ ಅಕ್ಷರ ಒಂದೇ. ಸುಮ್ಮನಿದ್ದರೂ ಕಷ್ಟ: ನಾಳೆ ಎದುರಿನವರು ಆ ಅಳುವನ್ನು ಹಿಡಿದು ಎಳೆದರೆ ಕುರ್ಚಿ, ಗಿರಣಿ, ಎರಡು ವರ್ಷದ ನಡಿಗೆ ಎಲ್ಲವೂ ನಾಟಕವೆನಿಸಿಕೊಳ್ಳುತ್ತದೆ. ಕಾಶೀಬಾಯಿಯ ಮಾತನ್ನು ಮತ್ತೆ ಯಾರೂ ನಂಬುವುದಿಲ್ಲ. ಪತ್ರ ಅಳಿಸಿದೆ. ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಆಕೆಯ ಊರಿಗೆ ಹೋದೆ.

ಆಕೆ ಡಬ್ಬಿ ಹೊತ್ತು ಹೊರಟಿದ್ದಳು. ಜೊತೆಗೆ ನಡೆದೆ.

"ಅಕ್ಕಾ, ಆ ಅಳು ನಂದು."

ಆಕೆ ನಿಲ್ಲಲಿಲ್ಲ. "ಗೊತ್ತಿತ್ತು."

"ಹ್ಯಾಂಗ?"

"ಗಂಡಸರು ಹಂಗ ಅಳ್ತಾರ. ಯಾರರ ನೋಡಾಕತ್ತಾರೇನು ಅಂತ ನೋಡ್ಕೋತ."

ನಗಬೇಕೆನಿಸಿತು, ನಗಲಾಗಲಿಲ್ಲ. ಆಕೆ ಡಬ್ಬಿಯನ್ನು ತಲೆಯ ಮೇಲೆ ಸರಿಪಡಿಸಿಕೊಂಡು ಹೇಳಿದಳು. "ಎರಡು ವರ್ಷ ಆ ಗಿರಣಿ ಮುಂದ ನಿಂತೇನಿ ತಮ್ಮಾ. ಒಳಗಿನ ಮಂದಿ ನಾ ಅಳೂದು ಕಾಯ್ತಿದ್ರು. ಅವ್ರಿಗಿ ನಾ ಅದೊಂದು ಕೊಟ್ಟಿದ್ದಿಲ್ಲ. ನೀ ಕೊಟ್ಟಿ."

"ತಪ್ಪಾತು ಅಕ್ಕಾ."

"ನನಗ್ಯಾಕ ಹೇಳ್ತಿ? ಯಾರಿಗಿ ಕೇಳಿಸಿದಿ, ಅವ್ರಿಗಿ ಹೇಳು. ನಾ ಅಂತೂ ಹೋಗಾಕಿ. ಮತ್ತೊಮ್ಮೆ ಹೇಳಂದ್ರ ಮತ್ತೊಮ್ಮೆ ಹೇಳ್ತೇನಿ. ನನ್ನ ಬಾಯಿ ಎಲ್ಲೂ ಹೋಗಿಲ್ಲ."

ಮಧ್ಯಾಹ್ನ ಶರಣಪ್ಪ ಸರ್ ಮತ್ತು ಮೆಹರುನ್ ಎದುರಿಗೆ, ಕಂಪ್ಯೂಟರಿನ ಪರದೆಯ ಮೇಲೆ ಮಾರ್ಥಾ ಮೇಡಂ ಇರುವಾಗ, ಎಲ್ಲವನ್ನೂ ಹೇಳಿದೆ. ಅಂದು ಯಾರ ದನಿಯನ್ನೂ ಅನುಕರಿಸಲಿಲ್ಲ. ನನ್ನ ಸ್ವಂತ ದನಿ ಎಷ್ಟು ಕೀರಲು ಎಂದು ಮೊದಲ ಸಲ ತಿಳಿಯಿತು. ಮೇಡಂ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ ಹೇಳಿದರು: ಆ ಅಳು ಕೇಳಿಯೇ ನಾನು ಆಕೆಯನ್ನು ಆರಿಸಿದೆ. ಅದು ನನ್ನ ತಪ್ಪು, ಅದನ್ನು ನಾನು ನೋಡಿಕೊಳ್ಳುತ್ತೇನೆ. ನಿನ್ನದು ಬೇರೆ.

ಸರ್ ಹೇಳಿದ್ದು ಇಷ್ಟೇ: "ಆಫೀಸಿನ ಕೀಲಿ ಟೇಬಲ್ ಮ್ಯಾಲ ಇಡು." ಅದೇ ನನ್ನ ಬೀಳ್ಕೊಡುಗೆ ಸಮಾರಂಭ.

ಮೆಹರುನ್ ಮಾತ್ರ ಮೆಟ್ಟಿಲ ತನಕ ಬಂದಳು. "ನಿನ್ನೆ ಇರಬಹುದು ಅಂದಿ ನೋಡು, ಅದು ಚುಚ್ಚಿತು. ಅಳು ಅಲ್ಲ" ಎಂದಳು. ಅದೇ ಚಪ್ಪಟೆ ದನಿ. ಅದರಲ್ಲಿ ಇಷ್ಟು ಹಿಡಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಹೊಸ ಹೇಳಿಕೆಯನ್ನು ಅವಳೇ ಪಡೆದಳು. ಇಡೀ ದಿನ ಹಿಡಿಯಿತಂತೆ, ಓದಿ ಹೇಳಿದ್ದು ಮೂರು ಸಲ. ಒಂದು ಹನಿ ಕಣ್ಣೀರಿಲ್ಲ. ಆ ಕಡೆ ಇದರಿಂದ ಗದ್ದಲವಾಯಿತು. ಒಮ್ಮೆ ಕೆಟ್ಟ ಸಾಕ್ಷಿ, ಬಿಟ್ಟುಬಿಡೋಣ ಎಂದರು ಕೆಲವರು. ಹೊಸ ದನಿ ಮನಸ್ಸು ಕಲಕುವುದಿಲ್ಲ ಎಂದರು ಇನ್ನು ಕೆಲವರು. ಮಾರ್ಥಾ ಮೇಡಂ ಜಗಳವಾಡಿ ಎರಡು ನಿಮಿಷ ಗಿಟ್ಟಿಸಿದರು.

ಸಭೆಯನ್ನು ಇಂಟರ್ನೆಟ್ಟಿನಲ್ಲಿ ತೋರಿಸುತ್ತಾರೆ. ಆಳಂದದ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಮೊಬೈಲಿನಲ್ಲಿ ನೋಡಿದೆ. ಅಲ್ಲಿ ಚಳಿ ಎಂದು ಮಹಬೂಬ್ ಚಾಚಾ ಅಂಗಡಿಯಲ್ಲೇ ಉಳಿದಿದ್ದ ನನ್ನ ಕೋಟನ್ನು ಬಿಚ್ಚಿ ಆಕೆಯ ಅಳತೆಗೆ ಹೊಲಿದುಕೊಟ್ಟಿದ್ದರು. ಮುಖ ಮರೆಸುವುದು ಬೇಡವೆಂದು ತಾನೇ ಹೇಳಿ, ಸೀರೆಯ ಮೇಲೆ ಅದನ್ನು ತೊಟ್ಟು ಕಾಶೀಬಾಯಿ ಕುಳಿತಿದ್ದಳು. ನಾನು ಹೋಗಲಿಲ್ಲ, ನನ್ನ ಕೋಟು ಹೋಗಿತ್ತು. ಕುರ್ಚಿಯ ಮಾತು ಹೇಳಿದಳು, ಬೆಲ್ಟು ಕಳಚುವ ಮಾತು ಹೇಳಿದಳು. "ನಾ ಕನಿಕರ ಕೇಳಾಕ ಬಂದಿಲ್ರಿ. ಜೋಳ ಬೀಸಬೇಕು, ಅಷ್ಟ" ಎಂದು ಮುಗಿಸಿದಳು. ಮೆಹರುನ್ ಅದನ್ನು ಒಂದು ಸಕ್ಕರೆಕಾಳೂ ಇಲ್ಲದೆ ಇಂಗ್ಲಿಷಿಗಿಳಿಸಿದಳು. ನಮ್ಮ ದೇಶದ ಪ್ರತಿನಿಧಿ ಎದ್ದು, ಇದಕ್ಕೆಲ್ಲ ನಮ್ಮಲ್ಲಿ ಕಾನೂನು ಇದೆ ಎಂದರು. ಇದೆ, ಸುಳ್ಳಲ್ಲ. ಅಧ್ಯಕ್ಷರು ಒಂದೇ ಪ್ರಶ್ನೆ ಕೇಳಿದರು: ಹಾಗಾದರೆ ಆ ಗಿರಣಿ ಈಗ ತೆರೆದಿದೆಯೇ? ಪ್ರತಿನಿಧಿ, ವಿಚಾರಿಸಿ ತಿಳಿಸುತ್ತೇವೆ ಎಂದು ಕುಳಿತರು.

ಆಕೆ ಮರಳುವ ಮೊದಲೇ ಅಧಿಕಾರಿಗಳ ಜೀಪು ಬಂದು ಗಿರಣಿ ತೆರೆಸಿ, ಫೋಟೋ ಹಿಡಿದು ಹೋಯಿತು. ತಿಂಗಳ ಮೇಲೆ ನಾನು ಆಕೆಯ ಓಣಿಗೆ ಹೋದೆ. ಕ್ಷಮೆ ಕೇಳುವುದು ಇನ್ನೂ ಉಳಿದಿದೆ ಎನಿಸಿತ್ತು. ಆಕೆ ರೊಟ್ಟಿ ಬಡಿಯುತ್ತಿದ್ದಳು, ಅಂಚು ಒಡೆಯುತ್ತಿತ್ತು.

"ಈಗ ಬೀಸ್ತಾರಂತಲ್ಲ ಅಕ್ಕಾ?"

"ಬೀಸ್ತಾರ. ನಮ್ಮದಂದ್ರ ದಪ್ಪ ಬೀಸ್ತಾರ." ಹಿಟ್ಟನ್ನು ಬೆರಳಲ್ಲಿ ತಿಕ್ಕಿ ತೋರಿಸಿದಳು. "ಬೀಸಿದ್ದನ್ನ ಮತ್ತೊಮ್ಮಿ ಹಾಕಸ್ತೇನಿ, ಅಲ್ಲೇ ನಿಂತು. ಅದಕ್ಕೂ ಜಿನೀವಾಕ್ಕ ಹೋಗಲೇನು?"

ಓಣಿಯ ಹೆಂಗಸರು ಸುತ್ತ ಕುಳಿತರು. ಒಬ್ಬಳು, "ಯಕ್ಕಾ, ಇಂವನೇನಬೇ ನಿನ್ನಂಗ ಅತ್ತಾಂವ?" ಎಂದಳು. ಇನ್ನೊಬ್ಬಳು ಮಾಡಿ ತೋರಿಸೆಂದು ನನ್ನನ್ನು ಪೀಡಿಸಿದಳು. ನಾನು ತಲೆ ತಗ್ಗಿಸಿದೆ. ಆಗ ಕಾಶೀಬಾಯಿ ಕೈ ಒರೆಸಿಕೊಂಡು, ಸೆರಗನ್ನು ಕೌದಿಯಂತೆ ತಲೆಯ ಮೇಲೆ ಎಳೆದುಕೊಂಡಳು. ಒಂದು ಕಣ್ಣಲ್ಲಿ ಬಾಗಿಲ ಕಡೆ ನೋಡಿದಳು. ಮೂಗಿನಿಂದ ಸಣ್ಣಗೆ ಎಳೆದು, ಗಂಟಲಲ್ಲಿ ತಡೆದು, ಯಾರಾದರೂ ಕೇಳುತ್ತಿದ್ದಾರೆಯೇ ಎಂದು ಅರೆಕ್ಷಣ ಕಾದು, ಆಮೇಲೆ ಅತ್ತಳು. ಕಾಶೀಬಾಯಿಯಾಗಿ ಅಳುತ್ತಿರುವ ಸಿದ್ರಾಮನನ್ನು ಅತ್ತಳು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ಕಸುಬು ಬಲ್ಲವನಾಗಿ ಹೇಳುತ್ತೇನೆ, ಅಷ್ಟು ಚೆಂದದ ಅನುಕರಣೆಯನ್ನು ನಾನು ಹುಟ್ಟಿದಾಗಿನಿಂದ ಮಾಡಿಲ್ಲ. ಎದೆ ಹಗುರಾಗಬೇಕಿತ್ತು. ಹೊಟ್ಟೆ ಉರಿಯಿತು. ತಡೆಯಲಾರದೆ, "ಅಕ್ಕಾ, ನಡುವ ಇನ್ನೊಂದು ಉಸಿರು ತಗೋಬೇಕಿತ್ತು. ನಾ ತಗೊಂಡಿದ್ದೆ" ಎಂದೆ.

"ನೀ ತಗೊಂಡಿದ್ದಿ" ಎಂದಳು ಕಾಶೀಬಾಯಿ, ಮುಂದಿನ ರೊಟ್ಟಿಗೆ ಹಿಟ್ಟು ಎಳೆದುಕೊಳ್ಳುತ್ತ. "ಈಗ ಅದು ನಂದು."